ಹೆಣ್ಣು, ಗಂಡು ಮತ್ತು ಮೇದೋಜೀರಕದ ಗಡ್ಡೆ
(ದತ್ತಿ ಉಪನ್ಯಾಸದ ಬರಹರೂಪ)



ನಾನು ಪೆಥಾಲಜಿಸ್ಟ್. ರೋಗಿಯ ಮುಖ ನೋಡುವ ಅವಕಾಶ ನಮಗೆ ಕಡಿಮೆ. ನಮ್ಮ ಮೇಜಿಗೆ ಬರುವುದು ಫಾರ್ಮಲಿನ್ ಡಬ್ಬಿಯಲ್ಲಿ ಮುಳುಗಿದ ಒಂದು ತುಣುಕು, ಡಬ್ಬಿಗೆ ರಬ್ಬರ್‌ಬ್ಯಾಂಡ್ ಹಾಕಿ ಸುತ್ತಿದ ಒಂದು ಫಾರಂ. ಫಾರಂನ ಮೇಲ್ತುದಿಯಲ್ಲಿ ಹೆಸರು, ವಯಸ್ಸು, ಲಿಂಗ. ಗರ್ಭಕೋಶವೋ ಪ್ರಾಸ್ಟೇಟೋ ಆದರೆ ಆ ಮೂರನೆಯ ಕಾಲಂ ನೋಡುವ ಅಗತ್ಯವೇ ಬೀಳದು. ಬೇರೆ ಅಂಗವಾದರೆ ನೋಡಿದರೂ ಮನಸ್ಸಿಗೆ ಹೋಗದು. ಮೇದೋಜೀರಕ ಗ್ರಂಥಿ ಗಂಡಸಿಗೂ ಒಂದೇ, ಹೆಂಗಸಿಗೂ ಒಂದೇ ಎಂದುಕೊಂಡೇ ಓದಿ ಪಾಸಾದವರು ನಾವು. ಆ ಗ್ರಂಥಿಯಲ್ಲಿ ಹುಟ್ಟುವ ಒಂದು ಜಾತಿಯ ಗಡ್ಡೆಗಳ ಮಟ್ಟಿಗಾದರೂ ಈ ನಂಬಿಕೆ ಎಷ್ಟು ಸರಿ ಎಂದು ಕೇಳುವುದು ಇಂದಿನ ಉಪನ್ಯಾಸದ ಕೆಲಸ.

2011ರ ಅಕ್ಟೋಬರ್‌ನಲ್ಲಿ ಸ್ಟೀವ್ ಜಾಬ್ಸ್ ತೀರಿಕೊಂಡರು. 2018ರ ಆಗಸ್ಟ್‌ನಲ್ಲಿ ಗಾಯಕಿ ಅರೀಥಾ ಫ್ರಾಂಕ್ಲಿನ್ ತೀರಿಕೊಂಡರು. ಇಬ್ಬರ ವಿಷಯದಲ್ಲೂ ಪತ್ರಿಕೆಗಳು ‘ಪ್ಯಾಂಕ್ರಿಯಾಸ್ ಕ್ಯಾನ್ಸರ್’ ಎಂದು ಬರೆದು ಮುಗಿಸಿದವು. ಆ ಹೆಸರಿನಿಂದ ಜನ ಹೆದರುವ ರೋಗವೇ ಬೇರೆ. ಅದು ಜೀರ್ಣರಸ ಹರಿಯುವ ನಾಳಗಳ ಗೋಡೆಯಲ್ಲಿ ಹುಟ್ಟುತ್ತದೆ, ಬಹುಮಂದಿಯನ್ನು ಒಂದೆರಡು ವರ್ಷದೊಳಗೆ ಒಯ್ಯುತ್ತದೆ. ಇವರಿಬ್ಬರದು ನ್ಯೂರೋಎಂಡೋಕ್ರೈನ್ ಗಡ್ಡೆ. ನಮ್ಮ ಆಸ್ಪತ್ರೆಗಳಲ್ಲಿ ಅದನ್ನು ಚಿಕ್ಕದಾಗಿ ‘ನೆಟ್’ ಎನ್ನುತ್ತೇವೆ. ಜಾಬ್ಸ್ ರೋಗ ಪತ್ತೆಯಾದ ಮೇಲೆ ಎಂಟು ವರ್ಷ ಬದುಕಿದ್ದರು. ಭಾರತದ ಮನೆಗಳಿಗೆ ಈ ಹೆಸರು ಬಂದದ್ದು 2018ರ ಮಾರ್ಚ್‌ನಲ್ಲಿ, ನಟ ಇರ್ಫಾನ್ ಖಾನ್ ತಮ್ಮ ಕಾಯಿಲೆಯನ್ನು ಬಹಿರಂಗಪಡಿಸಿದಾಗ. ತಮ್ಮ ಗಡ್ಡೆ ಮೇದೋಜೀರಕದ್ದೆಂದು ಅವರೇನೂ ಹೇಳಿರಲಿಲ್ಲ. ನೆಟ್ ಕರುಳಿನಲ್ಲಿ, ಶ್ವಾಸಕೋಶದಲ್ಲಿ, ಇನ್ನೂ ಅನೇಕ ಕಡೆ ಹುಟ್ಟಬಲ್ಲದು.

ಮೇದೋಜೀರಕದಲ್ಲಿ ಜೀರ್ಣರಸ ತಯಾರಿಸುವ ಜೀವಕೋಶಗಳ ನಡುವೆ ಬೇರೆ ಬಣ್ಣದ ಪುಟ್ಟ ಗುಂಪುಗಳಿವೆ ಎಂದು 1869ರಲ್ಲಿ ಬರ್ಲಿನ್‌ನ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ತನ್ನ ಪ್ರಬಂಧದಲ್ಲಿ ಬರೆದ. ಅವು ಏನು ಮಾಡುತ್ತವೆಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೇ ಬರೆದ. ಇವತ್ತು ಅವನ ಹೆಸರಿನಲ್ಲೇ ಕರೆಯುವ ಆ ‘ದ್ವೀಪ’ಗಳಿಂದ ಇನ್ಸುಲಿನ್, ಗ್ಲುಕಗಾನ್ ಮೊದಲಾದ ಹಾರ್ಮೋನುಗಳು ನೇರ ರಕ್ತಕ್ಕೆ ಸೇರುತ್ತವೆ. ಮೇದೋಜೀರಕದ ನೆಟ್ ಗಡ್ಡೆ ಈ ವಂಶದ್ದು. ಕೆಲವು ಗಡ್ಡೆಗಳು ಹುಟ್ಟಿದ ಮೇಲೂ ಹಾರ್ಮೋನು ಸುರಿಸುತ್ತಲೇ ಇರುತ್ತವೆ. ಇನ್ಸುಲಿನ್ ಸುರಿಸುವುದು ಇನ್ಸುಲಿನೋಮ. ಜಠರದ ಆಮ್ಲವನ್ನು ಉಕ್ಕಿಸುವ ಗ್ಯಾಸ್ಟ್ರಿನ್ ಸುರಿಸುವುದು ಗ್ಯಾಸ್ಟ್ರಿನೋಮ. ಹೆಚ್ಚಿನವು ಏನನ್ನೂ ಸುರಿಸದ ಮೂಗ ಗಡ್ಡೆಗಳು. ಅವು ದೊಡ್ಡದಾಗಿ ಅಕ್ಕಪಕ್ಕ ಒತ್ತುವವರೆಗೆ, ಇಲ್ಲವೇ ಲಿವರ್‌ಗೆ ಹರಡುವವರೆಗೆ ಸುಮ್ಮನಿರುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಅಮೆರಿಕದ ಕ್ಯಾನ್ಸರ್ ನೋಂದಣಿಯ 1973ರಿಂದ 2000ದವರೆಗಿನ ದಾಖಲೆಗಳನ್ನು ತೆಗೆದು ಮೇದೋಜೀರಕದ ನೆಟ್‌ನ 1,483 ಪ್ರಕರಣಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2008ರಲ್ಲಿ ಬಂತು. ವರ್ಷಕ್ಕೆ ಹತ್ತು ಲಕ್ಷ ಹೆಂಗಸರಲ್ಲಿ 1.8, ಹತ್ತು ಲಕ್ಷ ಗಂಡಸರಲ್ಲಿ 2.6. ಈ ಒಂದು ಸಾಲು ಹಿಡಿದು ‘ಇದು ಗಂಡಸರಲ್ಲಿ ಹೆಚ್ಚು’ ಎಂದು ಪಠ್ಯಪುಸ್ತಕ ಮುಂದೆ ಹೋಗುತ್ತದೆ. ಆದರೆ ಮೇಯೋ ಕ್ಲಿನಿಕ್ 1927ರಿಂದ 1986ರವರೆಗೆ ಚಿಕಿತ್ಸೆ ಕೊಟ್ಟ 224 ಇನ್ಸುಲಿನೋಮ ರೋಗಿಗಳನ್ನು ನೋಡಿ: ಅವರಲ್ಲಿ ನೂರಕ್ಕೆ 59 ಮಂದಿ ಹೆಂಗಸರು. ಗ್ಯಾಸ್ಟ್ರಿನೋಮ ಮತ್ತೆ ಗಂಡಸರ ಕಡೆಗೆ ವಾಲುತ್ತದೆ. ಒಂದೇ ಗ್ರಂಥಿ, ಒಂದೇ ವಂಶದ ಜೀವಕೋಶಗಳು, ಸೂಕ್ಷ್ಮದರ್ಶಕದಡಿ ನನಗೇ ಎಷ್ಟೋ ಸಲ ಒಂದರಿಂದ ಒಂದನ್ನು ಬೇರ್ಪಡಿಸಲಾಗದಷ್ಟು ಹೋಲಿಕೆ. ಆದರೂ ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ. ಎಲ್ಲವನ್ನೂ ಒಟ್ಟಿಗೆ ಕೂಡಿ ಸರಾಸರಿ ತೆಗೆದರೆ ಈ ವಿರುದ್ಧ ಒಲವುಗಳು ಒಂದನ್ನೊಂದು ಮುಚ್ಚಿಹಾಕುತ್ತವೆ. ನನ್ನ ವಾದದ ತಿರುಳು ಇದೇ: ಹೆಣ್ಣು-ಗಂಡಿನ ವ್ಯತ್ಯಾಸ ಇಲ್ಲಿ ಒಂದಲ್ಲ, ಹಲವು, ಅವುಗಳಲ್ಲಿ ಕೆಲವು ದೇಹದವು, ಕೆಲವು ಆಸ್ಪತ್ರೆಯ ಬಾಗಿಲಿನವು.

ಸಣ್ಣ ಸಂಖ್ಯೆಗಳು ಹೇಗೆ ದಾರಿ ತಪ್ಪಿಸುತ್ತವೆ ಎಂಬುದಕ್ಕೆ ಈ ರೋಗದ ಚರಿತ್ರೆಯಲ್ಲೇ ಸೊಗಸಾದ ಉದಾಹರಣೆ ಇದೆ. 1955ರಲ್ಲಿ ಓಹಾಯೊದ ಶಸ್ತ್ರವೈದ್ಯರಾದ ರಾಬರ್ಟ್ ಝೋಲಿಂಗರ್ ಮತ್ತು ಎಡ್ವಿನ್ ಎಲಿಸನ್ ಇಬ್ಬರು ರೋಗಿಗಳ ಕಥೆ ಪ್ರಕಟಿಸಿದರು. ಎಷ್ಟು ಸಲ ಆಪರೇಷನ್ ಮಾಡಿದರೂ ಮರಳಿ ಬರುವ ಹುಣ್ಣು, ಉಕ್ಕುವ ಆಮ್ಲ, ಮೇದೋಜೀರಕದಲ್ಲಿ ಗಡ್ಡೆ. ಇಬ್ಬರೂ ಚಿಕ್ಕ ವಯಸ್ಸಿನ ಹೆಂಗಸರು. ಅಷ್ಟಕ್ಕೇ ನಿಂತಿದ್ದರೆ ಗ್ಯಾಸ್ಟ್ರಿನೋಮವನ್ನು ನಾವು ಹೆಂಗಸರ ರೋಗವೆಂದೇ ಕಲಿಯುತ್ತಿದ್ದೆವು.

ಇನ್ಸುಲಿನೋಮದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ, ಏಕೆಂದರೆ ವ್ಯತ್ಯಾಸ ಕಣ್ಣಿಗೆ ಕಾಣುವುದು ಇಲ್ಲಿಯೇ. ಈ ಗಡ್ಡೆ ಸಾಮಾನ್ಯವಾಗಿ ಎರಡು ಸೆಂಟಿಮೀಟರಿಗಿಂತ ಚಿಕ್ಕದು. ನೂರಕ್ಕೆ ತೊಂಬತ್ತರಷ್ಟು ಹರಡದ, ತೆಗೆದರೆ ವಾಸಿಯಾಗುವ ಗಡ್ಡೆ. ಆದರೆ ಹೊಟ್ಟೆ ಖಾಲಿಯಾದಾಗಲೂ ಇನ್ಸುಲಿನ್ ಸುರಿಸುವುದರಿಂದ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ, ಮಾತು ತೊದಲುತ್ತದೆ, ಯಾರೋ ಏನೋ ಎಂಬಂತೆ ನೋಡುತ್ತಾರೆ, ಬೆವರುತ್ತಾರೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಸಕ್ಕರೆ ನೀರು ಬಾಯಿಗೆ ಬಿದ್ದರೆ ಹತ್ತು-ಹದಿನೈದು ನಿಮಿಷದಲ್ಲಿ ಎದ್ದು ಕೂರುತ್ತಾರೆ. ಲಕ್ಷಣ, ಆ ಹೊತ್ತಿಗೆ ಕಡಿಮೆ ಸಕ್ಕರೆ, ಸಕ್ಕರೆ ಕೊಟ್ಟೊಡನೆ ಪರಿಹಾರ: ಈ ಮೂರನ್ನೂ ಒಟ್ಟಿಗೆ ಕಾಣಬೇಕೆಂದು 1930ರ ದಶಕದಲ್ಲಿ ನ್ಯೂಯಾರ್ಕಿನ ಅಲೆನ್ ವಿಪಲ್ ಹೇಳಿದ ಸೂತ್ರ ಇಂದಿಗೂ ಅಳಿದಿಲ್ಲ.

ಇದೇ ಲಕ್ಷಣಗಳಿಗೆ ನಮ್ಮ ಊರುಗಳಲ್ಲಿ ಕೊಡುವ ಹೆಸರು ಮಾತ್ರ ರೋಗಿ ಯಾರೆಂಬುದರ ಮೇಲೆ ನಿಂತಿದೆ. ತೂರಾಡುತ್ತಾ ತೊದಲುವವನು ಗಂಡಸಾದರೆ ‘ಬೆಳಿಗ್ಗೇನೇ ಹಾಕ್ಕೊಂಡು ಬಂದಿದಾನೆ’ ಎನ್ನುತ್ತಾರೆ. ಹೆಂಗಸಾದರೆ ಮೈಮೇಲೆ ಬಂದಿದೆ, ಗಾಳಿ ಸೋಕಿದೆ; ಸ್ವಲ್ಪ ಓದಿದ ಮನೆಯಾದರೆ ‘ಟೆನ್ಶನ್’. ಆಸ್ಪತ್ರೆಗೆ ಬಂದವರಿಗೂ ಮೊದಲು ಸಿಗುವುದು ಫಿಟ್ಸ್ ಮಾತ್ರೆಯೋ ಮನೋವೈದ್ಯರ ಚೀಟಿಯೋ. ಇದು ನಮ್ಮಲ್ಲಿ ಮಾತ್ರವಲ್ಲ, ಬೇರೆ ದೇಶಗಳ ವೈದ್ಯಕೀಯ ಸಾಹಿತ್ಯದಲ್ಲೂ ಬರುವ ದೂರು. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಸಂಕಷ್ಟಿ, ಏಕಾದಶಿ, ಶ್ರಾವಣ ಸೋಮವಾರ ಎಂದು ಉಪವಾಸ ಹಿಡಿಯುವವರಲ್ಲಿ ಹೆಂಗಸರೇ ಹೆಚ್ಚು. ಉಪವಾಸದ ದಿನ ತಲೆ ಸುತ್ತಿ ಬಿದ್ದವಳನ್ನು ಯಾರೂ ರೋಗಿ ಎಂದು ನೋಡುವುದಿಲ್ಲ. ನಿಶ್ಶಕ್ತಿ ಎನ್ನುತ್ತಾರೆ, ಒಂದು ಲೋಟ ಹಾಲು ಕೊಡುತ್ತಾರೆ. ಹಾಲಿನಲ್ಲಿ ಸಕ್ಕರೆ ಇರುವುದರಿಂದ ಅವಳು ಎದ್ದು ಕೂರುತ್ತಾಳೆ, ವಿಷಯ ಅಲ್ಲಿಗೆ ಮುಗಿಯುತ್ತದೆ.

ರೋಗ ಖಚಿತಪಡಿಸುವ ಪರೀಕ್ಷೆಯೂ ಒಂದು ಉಪವಾಸವೇ, 72 ಗಂಟೆಗಳದ್ದು. ರೋಗಿಯನ್ನು ವಾರ್ಡಿಗೆ ಸೇರಿಸಿ, ನೀರು ಮತ್ತು ಸಿಹಿ ಇಲ್ಲದ ಪಾನೀಯ ಬಿಟ್ಟು ಏನನ್ನೂ ಕೊಡದೆ, ಆರು ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಸಕ್ಕರೆ ಇಳಿಯತೊಡಗಿದ ಮೇಲೆ ಗಂಟೆ ಗಂಟೆಗೂ. ಬೆರಳಿಗೆ ಚುಚ್ಚುವ ಗ್ಲೂಕೋಮೀಟರನ್ನು ಇಲ್ಲಿ ನಂಬುವ ಹಾಗಿಲ್ಲ, ಲ್ಯಾಬಿನ ಅಳತೆಯೇ ಆಗಬೇಕು. ನಡುನಡುವೆ ಸಿಸ್ಟರ್ ಬಂದು ‘ನೂರರಿಂದ ಏಳೇಳು ಕಳೀತಾ ಹೇಳಮ್ಮ’ ಎಂದು ಕೇಳುತ್ತಾರೆ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಸಲೀಸಾಗಿ ಹೋಗುತ್ತಿದ್ದವರು ಒಂದು ಹೊತ್ತಿನಲ್ಲಿ ಎಂಬತ್ತಾರರಲ್ಲೇ ನಿಂತುಬಿಡುತ್ತಾರೆ. ಮಿದುಳಿಗೆ ಸಕ್ಕರೆ ಸಾಲುತ್ತಿಲ್ಲ ಎಂಬ ಸುಳಿವು ಅದು. ತಕ್ಷಣ ರಕ್ತ ತೆಗೆದು ಸಕ್ಕರೆ, ಇನ್ಸುಲಿನ್, ಇನ್ಸುಲಿನ್ ಜೊತೆಗೇ ಹೊರಬರುವ ಸಿ-ಪೆಪ್ಟೈಡ್ ಒಟ್ಟಿಗೆ ಅಳೆದು ಗ್ಲೂಕೋಸ್ ಕೊಡುತ್ತಾರೆ.

ಹೆಣ್ಣು-ಗಂಡಿನ ದೇಹದ ವ್ಯತ್ಯಾಸ ಇಲ್ಲಿ ನೇರ ಎದುರಾಗುತ್ತದೆ. ಆರೋಗ್ಯವಂತ ಗಂಡಸರನ್ನೂ, ಮುಟ್ಟು ನಿಲ್ಲದ ವಯಸ್ಸಿನ ಆರೋಗ್ಯವಂತ ಹೆಂಗಸರನ್ನೂ ಹೀಗೆಯೇ ಉಪವಾಸ ಕೂರಿಸಿ ನೋಡಿದ ಅಧ್ಯಯನಗಳು 1970ರ ದಶಕದಲ್ಲಿ ಅಮೆರಿಕದಲ್ಲಿ ನಡೆದವು. ಹೆಂಗಸರ ರಕ್ತದ ಸಕ್ಕರೆ ಗಂಡಸರಿಗಿಂತ ತುಂಬಾ ಕೆಳಗೆ ಇಳಿಯಿತು. ಕೆಲವರಲ್ಲಿ 40 ಮಿಲಿಗ್ರಾಂ ಆಸುಪಾಸಿಗೂ ಹೋಯಿತು. ಅವರಿಗೆ ಏನೂ ಆಗಲಿಲ್ಲ, ಗಟ್ಟಿಮುಟ್ಟಾಗಿಯೇ ಇದ್ದರು. ಸಕ್ಕರೆಯ ಅಂಕಿಯೊಂದನ್ನೇ ನೋಡಿದರೆ ಗಡ್ಡೆ ಇಲ್ಲದ ಹೆಣ್ಣುಮಗಳಿಗೆ ಗಡ್ಡೆ ಇದೆ ಎನ್ನುವ ಅಪಾಯವಿದೆ. ಆದ್ದರಿಂದಲೇ ಈಗ ಆ ಕ್ಷಣದ ಇನ್ಸುಲಿನ್ನನ್ನೂ ನೋಡುತ್ತೇವೆ. ಸಕ್ಕರೆ 55ಕ್ಕಿಂತ ಕೆಳಗಿದ್ದಾಗ ಸಹಜ ದೇಹ ಇನ್ಸುಲಿನ್ನನ್ನು ಬಹುಮಟ್ಟಿಗೆ ನಿಲ್ಲಿಸಿ ಕೊಬ್ಬನ್ನು ಉರಿಸತೊಡಗಿರುತ್ತದೆ. ಗಡ್ಡೆಗೆ ಆ ಶಿಸ್ತು ಇಲ್ಲ. ಪರೀಕ್ಷೆಯ ಮಾನದಂಡ ಇಷ್ಟು ಬಿಗಿಯಾಗಲು ಹೆಂಗಸರ ಈ ಸಹಜ ಇಳಿತವೂ ಒಂದು ಕಾರಣ.

ಇನ್ನು ಬಸುರಿ. ಇನ್ಸುಲಿನೋಮ ಇರುವ ಹೆಣ್ಣುಮಗಳು ಗರ್ಭಿಣಿಯಾದರೆ ಮೊದಲ ಮೂರು ತಿಂಗಳಲ್ಲಿ ಲಕ್ಷಣಗಳು ಜೋರಾಗುವುದುಂಟು. ವಾಂತಿ, ಸಂಕಟ, ಊಟ ಸೇರದಿರುವುದು, ಜೊತೆಗೆ ಗಡ್ಡೆಯ ಇನ್ಸುಲಿನ್. ಎಲ್ಲರೂ ಬಸುರಿ ಬಯಕೆಯ ದಿನಗಳ ತೊಂದರೆ ಎಂದೇ ತಿಳಿಯುತ್ತಾರೆ. ಐದನೆಯ ತಿಂಗಳು ದಾಟಿದ ಮೇಲೆ ಮಾಸಿನಿಂದ ಬರುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಪಡಿಸುತ್ತವೆ. ಕೆಲವು ಬಸುರಿಯರಿಗೆ ಸಕ್ಕರೆ ಕಾಯಿಲೆ ಬರಿಸುವ ಇದೇ ಅಡ್ಡಿ ಈಕೆಗೆ ರಕ್ಷೆಯಾಗುತ್ತದೆ, ಲಕ್ಷಣಗಳು ಮಾಯವಾಗುತ್ತವೆ. ಹೆರಿಗೆಯಾಗಿ ಮಾಸು ಹೊರಬಿದ್ದೊಡನೆ ರಕ್ಷೆಯೂ ಹೋಗುತ್ತದೆ. ಬಾಣಂತಿ ಎಚ್ಚರ ತಪ್ಪುತ್ತಾಳೆ, ಮನೆಯವರು ಸನ್ನಿ ಎನ್ನುತ್ತಾರೆ. ಇಂಥ ಪ್ರಕರಣಗಳು ಅಪರೂಪ. ಆದರೆ ಬಾಣಂತಿಯ ಮಂಪರಿಗೆ ಒಂದು ಸಕ್ಕರೆ ಪರೀಕ್ಷೆ ಮಾಡಿಸಲು ಖರ್ಚೇನೂ ಇಲ್ಲ.

ಹಾಗಾದರೆ ಗಡ್ಡೆಗೆ ತಾನು ಹೆಣ್ಣಿನ ದೇಹದಲ್ಲಿದೆಯೋ ಗಂಡಿನ ದೇಹದಲ್ಲಿದೆಯೋ ತಿಳಿಯುತ್ತದೆಯೇ? ಒಂದು ಮಟ್ಟಿಗೆ ತಿಳಿಯುತ್ತದೆ. ಸ್ತನದ ಕ್ಯಾನ್ಸರ್‌ನಲ್ಲಿ ನಾವು ದಿನವೂ ಮಾಡುವ ಪ್ರೊಜೆಸ್ಟರಾನ್ ಗ್ರಾಹಿಯ ಬಣ್ಣದ ಪರೀಕ್ಷೆಯನ್ನು ಮೇದೋಜೀರಕದ ಸ್ಲೈಡಿಗೆ ಮಾಡಿದರೆ, ಸುತ್ತಲಿನ ಜೀವಕೋಶಗಳೆಲ್ಲ ನೀಲಿಯಾಗಿ ಉಳಿದು, ದ್ವೀಪಗಳ ಕೆಲವು ಜೀವಕೋಶಗಳ ನಡುಬಿಂದು ಮಾತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಗಂಡಸಿನ ಮೇದೋಜೀರಕದಲ್ಲೂ ಹೀಗೆಯೇ. ನೆಟ್ ಗಡ್ಡೆಗಳಲ್ಲಿ ಬಹಳಷ್ಟು ಈ ಗ್ರಾಹಿಯನ್ನು ಉಳಿಸಿಕೊಂಡಿರುತ್ತವೆ. ಕಳೆದುಕೊಂಡ ಗಡ್ಡೆಗಳ ನಡವಳಿಕೆ ಕೆಟ್ಟದ್ದು ಎಂದು ಹಲವು ಅಧ್ಯಯನಗಳು ಕಂಡಿವೆ. ಅಂದರೆ ಲಿಂಗದ ಹಾರ್ಮೋನಿನ ಮಾತು ಕೇಳಿಸಿಕೊಳ್ಳುವ ಕಿವಿ ಈ ಜೀವಕೋಶಗಳಿಗೆ ಹುಟ್ಟಿನಿಂದಲೇ ಇದೆ. ಕೇಳಿಸಿಕೊಂಡು ಏನು ಮಾಡುತ್ತವೆಂಬುದು ಇನ್ನೂ ತೆರೆದ ಪ್ರಶ್ನೆ. ಗರ್ಭನಿರೋಧಕ ಮಾತ್ರೆಗೂ ಇದಕ್ಕೂ ಗಂಟು ಹಾಕುವವರ ಮಾತಿಗೆ ಈಗ ಕಿವಿಗೊಡಬೇಡಿ.

ಹಾರ್ಮೋನು ಬಿಟ್ಟರೆ ವರ್ಣತಂತು. ಮೇದೋಜೀರಕದ ನೆಟ್ ಗಡ್ಡೆಗಳಲ್ಲಿ ಯಾವ ಜೀನ್‌ಗಳು ಕೆಟ್ಟಿವೆ ಎಂದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪಟ್ಟಿ ಬಂತು: 44 ಶೇಕಡಾ ಗಡ್ಡೆಗಳಲ್ಲಿ ಮೆನ್-1, 43 ಶೇಕಡಾ ಗಡ್ಡೆಗಳಲ್ಲಿ ಡಿಎಎಕ್ಸ್‌ಎಕ್ಸ್ ಅಥವಾ ಎಟಿಆರ್‌ಎಕ್ಸ್. ಈ ಎಟಿಆರ್‌ಎಕ್ಸ್ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಹೆಂಗಸಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ಮುದುಡಿ ನಿದ್ದೆ ಹೋಗಿರುತ್ತದೆ ಎಂದು 1961ರಲ್ಲಿ ಬ್ರಿಟನ್ನಿನ ಮೇರಿ ಲಯನ್ ಹೇಳಿದರು. ಆದರೆ ಮಲಗಿದ ಎಕ್ಸ್‌ನ ಮೇಲೂ ಕೆಲವು ಜೀನ್‌ಗಳು ಎಚ್ಚರವಿರುತ್ತವೆ. ಹೀಗೆ ಎಚ್ಚರವಿದ್ದು ಕ್ಯಾನ್ಸರ್ ತಡೆಯುವ ಜೀನ್‌ಗಳ ಪಟ್ಟಿಯನ್ನು 2017ರಲ್ಲಿ ಅಮೆರಿಕದ ತಂಡವೊಂದು ಕೊಟ್ಟಾಗ ಅದರಲ್ಲಿ ಎಟಿಆರ್‌ಎಕ್ಸ್ ಇತ್ತು. ಲೆಕ್ಕ ಸರಳ: ಗಂಡಸಿನಲ್ಲಿ ಒಂದೇ ಪ್ರತಿ, ಒಂದು ಪೆಟ್ಟು ಸಾಕು, ಹೆಂಗಸಿನಲ್ಲಿ ಎರಡು ಬೇಕಾಗಬಹುದು. ಇನ್ಸುಲಿನೋಮಗಳಲ್ಲಿ ಈ ಜೀನ್ ಕೆಡುವುದು ಅಪರೂಪ, ಅವು ಗಂಡಸರ ಕಡೆಗೆ ವಾಲುವುದೂ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ಅದೇ ಕೆಲಸದ ಜೊತೆಗಾರ ಡಿಎಎಕ್ಸ್‌ಎಕ್ಸ್ ಇರುವುದು ಆರನೆಯ ವರ್ಣತಂತುವಿನಲ್ಲಿ, ಅದಕ್ಕೆ ಹೆಣ್ಣು-ಗಂಡಿನ ಭೇದವಿಲ್ಲ. ಹಾಗಾಗಿ ಈ ವಿವರಣೆಗೆ ನಾನು ಅರ್ಧ ಅಂಕ ಕೊಡುತ್ತೇನೆ, ಪೂರ್ತಿ ಅಲ್ಲ.

ಮೆನ್-1 ಇನ್ನೂ ಒಳ್ಳೆಯ ಸಾಕ್ಷಿ. ಹನ್ನೊಂದನೆಯ ವರ್ಣತಂತುವಿನಲ್ಲಿರುವ ಆ ಜೀನನ್ನು ಹಿಡಿದುಕೊಟ್ಟ ಪ್ರಬಂಧ 1997ರಲ್ಲಿ ‘ಸೈನ್ಸ್’ನಲ್ಲಿ ಬಂತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆ ತಂಡದ ಪ್ರಬಂಧದಲ್ಲಿ ಮೊದಲ ಹೆಸರು ಚಂದ್ರಶೇಖರಪ್ಪ. ಹೆಸರು ಕೇಳಿದರೆ ಈ ಸಭೆಗೆ ಹೆಚ್ಚೇನೂ ಹೇಳಬೇಕಿಲ್ಲ. ಕೆಟ್ಟ ಮೆನ್-1 ತಂದೆಯಿಂದಲೋ ತಾಯಿಯಿಂದಲೋ ಮಗನಿಗೂ ಮಗಳಿಗೂ ಸಮಾನ ಸಾಧ್ಯತೆಯಲ್ಲಿ ಬರುತ್ತದೆ. ಒಂದೇ ಮನೆಯ ಅಣ್ಣ-ತಂಗಿಯರಲ್ಲಿ ಒಂದೇ ದೋಷ. ವ್ಯತ್ಯಾಸ ಹುಡುಕಲು ಪ್ರಕೃತಿಯೇ ಮಾಡಿಕೊಟ್ಟ ಪ್ರಯೋಗ ಇದು. ಫ್ರೆಂಚ್ ಭಾಷಿಕ ವೈದ್ಯರ ಗುಂಪೊಂದು 734 ಮಂದಿ ಇಂಥವರನ್ನು ಗಮನಿಸಿ 2011ರಲ್ಲಿ ವರದಿ ಮಾಡಿತು. ಈ ದೋಷ ಹಲವು ಗ್ರಂಥಿಗಳಲ್ಲಿ ಗಡ್ಡೆ ತರುತ್ತದೆ: ಪಿಟ್ಯುಟರಿ ಗಡ್ಡೆ ಹೆಂಗಸರಲ್ಲಿ ಹೆಚ್ಚು. ಮೇದೋಜೀರಕದ ಗಡ್ಡೆ, ಅದರಲ್ಲೂ ಗ್ಯಾಸ್ಟ್ರಿನೋಮ, ಗಂಡಸರಲ್ಲಿ ಹೆಚ್ಚು. ಎದೆಯೊಳಗಿನ ಥೈಮಸ್ ಗ್ರಂಥಿಯ ಗಡ್ಡೆ ಬಹುತೇಕ ಗಂಡಸರದ್ದೇ. ಬೀಜ ಒಂದೇ ಆದರೂ ಬೆಳೆ ಬೇರೆ. ಪಿಟ್ಯುಟರಿಯ ಲೆಕ್ಕಕ್ಕೆ ಮಾತ್ರ ಒಂದು ಎಚ್ಚರಿಕೆ ಬೇಕು: ಪ್ರೊಲ್ಯಾಕ್ಟಿನ್ ಸುರಿಸುವ ಪುಟ್ಟ ಗಡ್ಡೆ ಹೆಂಗಸಿನ ಮುಟ್ಟನ್ನು ಏರುಪೇರು ಮಾಡಿ ಬೇಗ ಡಾಕ್ಟರ ಹತ್ತಿರ ಕಳಿಸುತ್ತದೆ, ಗಂಡಸಿಗೆ ಅಂಥ ತಿಂಗಳ ಗಂಟೆ ಇಲ್ಲ.

ಪೆಥಾಲಜಿಯವರು ಎಡವುವ ಒಂದು ಕಲ್ಲನ್ನೂ ತೋರಿಸಿ ಮುಂದೆ ಹೋಗುತ್ತೇನೆ. ಇಪ್ಪತ್ತರ ಆಸುಪಾಸಿನ ಹುಡುಗಿಯ ಮೇದೋಜೀರಕದಲ್ಲಿ ದುಂಡನೆಯ ಗಡ್ಡೆ ಕಂಡರೆ, ಸ್ಲೈಡಿನಲ್ಲಿ ಅದು ನೆಟ್‌ನಂತೆಯೇ ಕಂಡರೂ, ಕೈ ತಡೆಯಬೇಕು. ನೂರಕ್ಕೆ ತೊಂಬತ್ತರಷ್ಟು ಹೆಂಗಸರಲ್ಲೇ, ಅದೂ ಚಿಕ್ಕ ವಯಸ್ಸಿನಲ್ಲಿ ಕಾಣುವ ಇನ್ನೊಂದು ಗಡ್ಡೆ ಇದೆ. ಅದನ್ನು 1959ರಲ್ಲಿ ವಿವರಿಸಿದವರು ವರ್ಜೀನಿಯಾ ಫ್ರಾಂಟ್ಜ್. ಇಂದಿಗೂ ಅವರ ಹೆಸರಿನಿಂದಲೇ ಕರೆಯುವವರಿದ್ದಾರೆ. 1935ರಲ್ಲಿ ವಿಪಲ್ ಜೊತೆ ಇನ್ಸುಲಿನೋಮದ ಪ್ರಬಂಧ ಬರೆದವರೂ ಇವರೇ, ಸೂತ್ರಕ್ಕೆ ಮಾತ್ರ ವಿಪಲ್ ಹೆಸರು ಅಂಟಿಕೊಂಡಿತು. ಫ್ರಾಂಟ್ಜ್ ಗಡ್ಡೆ ಕೆಲವು ನೆಟ್ ಪರೀಕ್ಷೆಗಳಲ್ಲೂ ಬಣ್ಣ ಹಿಡಿಯುತ್ತದೆ, ಪ್ರೊಜೆಸ್ಟರಾನ್ ಗ್ರಾಹಿಯನ್ನೂ ತೋರಿಸುತ್ತದೆ. ಬೀಟಾ-ಕೆಟೆನಿನ್ ಎಂಬ ಪ್ರೋಟೀನು ಜೀವಕೋಶದ ನಡುಬಿಂದುವಿನಲ್ಲಿ ಕಂಡರೆ ಅದು ನೆಟ್ ಅಲ್ಲ. ಆಪರೇಷನ್ನಿನಿಂದ ಬಹುಪಾಲು ವಾಸಿಯಾಗುವ ಆ ಹುಡುಗಿಗೆ ‘ನೆಟ್’ ಎಂಬ ಚೀಟಿ ಹಚ್ಚಿದರೆ ಅವಳ ಜೀವನದ ದಾರಿಯೇ ಬದಲಾಗುತ್ತದೆ. ಫಾರಂನ ಮೂರನೆಯ ಕಾಲಂ ನೋಡಲೇಬೇಕಾದ ಜಾಗ ಇದು.

ಇಷ್ಟು ದೇಹದ ಮಾತು. ಇನ್ನು ಬಾಗಿಲಿನ ಮಾತು. ಮೂಗ ಗಡ್ಡೆಗಳು ಈಗ ಹೆಚ್ಚಾಗಿ ಸಿಗುವುದು ಇನ್ಯಾವುದಕ್ಕೋ ಮಾಡಿದ ಸ್ಕ್ಯಾನಿನಲ್ಲಿ. ಅಮೆರಿಕದಲ್ಲಿ ಎಲ್ಲ ಅಂಗಗಳ ನೆಟ್ ಸೇರಿ 1973ರಲ್ಲಿ ಲಕ್ಷಕ್ಕೆ 1.09 ಇದ್ದದ್ದು 2012ಕ್ಕೆ 6.98 ಆಯಿತು, ಇದರಲ್ಲಿ ಸ್ಕ್ಯಾನಿನ, ಎಂಡೋಸ್ಕೋಪಿಯ ಪಾಲು ದೊಡ್ಡದು. ಸ್ಕ್ಯಾನ್ ಯಾರಿಗೆ ಆಗುತ್ತದೋ ಅವರ ಗಡ್ಡೆ ಲೆಕ್ಕಕ್ಕೆ ಬರುತ್ತದೆ. ದೆಹಲಿಯ ಏಮ್ಸ್‌ನ 2016ರ ಹೊರರೋಗಿಗಳ ದಾಖಲೆಯನ್ನು, ಸುಮಾರು 24 ಲಕ್ಷ ಭೇಟಿಗಳನ್ನು, ಪರಿಶೀಲಿಸಿದ ಅಧ್ಯಯನ 2019ರಲ್ಲಿ ಬಂತು. ಒಬ್ಬ ಮಹಿಳೆಗೆ 1.69 ಗಂಡಸರು. ಪ್ರಸೂತಿ-ಸ್ತ್ರೀರೋಗದ ಭೇಟಿಗಳನ್ನು ಬಿಟ್ಟು ಮಾಡಿದ ಲೆಕ್ಕ ಅದು. ಊರು ದೂರವಾದಷ್ಟೂ ಹೆಂಗಸರ ಪಾಲು ಇಳಿದಿತ್ತು. ಇಂಥ ಬಾಗಿಲಿನಿಂದ ಒಳಗೆ ಬಂದವರನ್ನು ಎಣಿಸಿ, ಭಾರತದಲ್ಲಿ ಮೇದೋಜೀರಕದ ನೆಟ್ ಗಂಡಸರಲ್ಲಿ ಹೆಚ್ಚು ಎಂದು ಒಂದು ಆಸ್ಪತ್ರೆಯ ಪಟ್ಟಿ ಹೇಳಿದರೆ, ಅದು ಗಡ್ಡೆಯ ಗುಣವೋ ಬಸ್ ಚಾರ್ಜಿನ ಗುಣವೋ ಎಂದು ಕೇಳದೆ ಬಿಡಬಾರದು.

ಬದುಕುಳಿಯುವ ವಿಷಯದಲ್ಲೂ ಇದೇ ಕಗ್ಗಂಟು. ಪಾಶ್ಚಾತ್ಯ ದೇಶಗಳ ದೊಡ್ಡ ನೋಂದಣಿಗಳಲ್ಲಿ ನೆಟ್ ಇರುವ ಹೆಂಗಸರು ಗಂಡಸರಿಗಿಂತ ತುಸು ಹೆಚ್ಚು ಕಾಲ ಬದುಕುತ್ತಾರೆ. ಗಡ್ಡೆಯ ವೇಗ ಅಳೆಯುವ ಕಿ-67 ಎಂಬ ಸೂಚಿ, ಹರಡುವಿಕೆ, ವಯಸ್ಸು ಎಲ್ಲ ಸರಿದೂಗಿಸಿದ ಮೇಲೂ ಎಷ್ಟೋ ಕಡೆ ಈ ಅಂತರ ಪೂರ್ತಿ ಅಳಿಯುವುದಿಲ್ಲ. ಆದರೆ ಹೆಂಗಸರು ಹೇಗಿದ್ದರೂ ಗಂಡಸರಿಗಿಂತ ಹೆಚ್ಚು ಕಾಲ ಬದುಕುವವರು. ಸಿಗರೇಟು, ಹೆಂಡ, ಹೃದಯದ ಕಾಯಿಲೆಗಳ ಪಾಲು ಕಳೆದ ಮೇಲಷ್ಟೇ ಉಳಿದದ್ದು ಗಡ್ಡೆಯದ್ದು.

ಚಿಕಿತ್ಸೆಗೆ ಬಂದರೆ ಆಶ್ಚರ್ಯವಾಗುತ್ತದೆ. ನಿದ್ದೆಯ ಔಷಧ ಜೊಲ್ಪಿಡೆಮ್ ಹೆಂಗಸರ ದೇಹದಿಂದ ನಿಧಾನವಾಗಿ ಹೋಗುತ್ತದೆಂದು 2013ರಲ್ಲಿ ಅಮೆರಿಕದ ಔಷಧ ಆಡಳಿತ ಅವರ ಪ್ರಮಾಣವನ್ನು ಅರ್ಧಕ್ಕೆ ಇಳಿಸಿತು. ಕ್ಯಾನ್ಸರ್ ಔಷಧಗಳಲ್ಲಿ ಇಂಥ ಧೈರ್ಯ ಕಾಣುವುದಿಲ್ಲ. ನೆಟ್‌ಗೆ ಕೊಡುವ ಕೇಪ್‌ಸೈಟಬಿನ್ ಒಡೆದು ಆಗುವ ಫ್ಲೋರೋಯುರಾಸಿಲ್ ಹೆಂಗಸರಲ್ಲಿ ಬಾಯಿಹುಣ್ಣು, ಭೇದಿ, ಬಿಳಿ ರಕ್ತಕಣಗಳ ಕುಸಿತವನ್ನು ಹೆಚ್ಚಾಗಿ ತರುತ್ತದೆ ಎಂಬುದು ಹಳೆಯ ಸಂಗತಿ. ಮಾತ್ರೆಯ ಲೆಕ್ಕ ಇಂದಿಗೂ ಎತ್ತರ-ತೂಕದಿಂದಲೇ. ಮೇದೋಜೀರಕದ ನೆಟ್‌ನಲ್ಲಿ 2011ರಲ್ಲಿ ಎವೆರೋಲಿಮಸ್ ಎಂಬ ಔಷಧ ಗೆದ್ದ ಪ್ರಯೋಗದಲ್ಲಿ 410 ರೋಗಿಗಳಿದ್ದರು. ಗಡ್ಡೆ ಬೆಳೆಯದೆ ನಿಂತ ಅವಧಿ 4.6 ತಿಂಗಳಿಂದ 11 ತಿಂಗಳಿಗೆ ಏರಿತು. ಅಂಥ ವರದಿಗಳಲ್ಲಿ ಹೆಣ್ಣು-ಗಂಡು ಎಂಬುದು ಚಿತ್ರವೊಂದರ ಮೂಲೆಯ ಒಂದು ಗೆರೆ. ಅಡ್ಡಪರಿಣಾಮಗಳ ಕೋಷ್ಟಕದಲ್ಲಿ ಆ ಗೆರೆಯೂ ಇರುವುದು ಅಪರೂಪ.

2018ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲ್ಯುಟೀಶಿಯಂ ಚಿಕಿತ್ಸೆ ಈಗ ನಮ್ಮಲ್ಲೂ ನಡೆಯುತ್ತಿದೆ. ವಿಕಿರಣ ಸೂಸುವ ಲೋಹವನ್ನು ಗಡ್ಡೆಯ ಗ್ರಾಹಿಗಳು ತಾವೇ ಹಿಡಿದು ಒಳಗೆಳೆದುಕೊಳ್ಳುವಂತೆ ಮಾಡುವ ಜಾಣ ಉಪಾಯ ಅದು. ಅದರ ಅಮೆರಿಕದ ಸೂಚನಾಪತ್ರವನ್ನು ಈ ಉಪನ್ಯಾಸಕ್ಕಾಗಿ ಮತ್ತೆ ಓದಿದೆ. ಎಂಟು ವಾರಕ್ಕೊಮ್ಮೆ 7.4 ಗಿಗಾಬೆಕೆರೆಲ್, ಒಟ್ಟು ನಾಲ್ಕು ಸಲ. ತೊಂಬತ್ತು ಕಿಲೋ ತೂಗುವ ಗಂಡಸಿಗೂ ಅಷ್ಟೇ, ನಲವತ್ತೈದು ಕಿಲೋ ತೂಗುವ ಹೆಂಗಸಿಗೂ ಅಷ್ಟೇ. ಹೆಣ್ಣು-ಗಂಡಿಗೆ ಬೇರೆ ಬೇರೆ ಅಂಕಿ ಕೊಟ್ಟ ಜಾಗ ನನ್ನ ಕಣ್ಣಿಗೆ ಬಿದ್ದದ್ದು ಒಂದೇ: ಕೊನೆಯ ಡೋಸಿನ ನಂತರ ಗರ್ಭ ನಿಲ್ಲದಂತೆ ಹೆಂಗಸರು ಏಳು ತಿಂಗಳು, ಗಂಡಸರು ನಾಲ್ಕು ತಿಂಗಳು ಎಚ್ಚರ ವಹಿಸಬೇಕು.